ಮನೆ ಗುರುತಿನ ಪಕ್ಷದಲ್ಲಿ ಮನೆಜಗಳ: ಶ್ರೀಲಂಕಾದ ತಮಿಳ್ ಅರಸು ಕಚ್ಚಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶ್ರೀಲಂಕಾದ ತಮಿಳು ರಾಜಕೀಯದ ಮಾತು ಬಂದಾಗಲೆಲ್ಲ ನನಗೆ ಹೆಚ್ಚುಕಡಿಮೆ ಇದೇ ಪ್ರಶ್ನೆಗಳು ಎದುರಾಗುತ್ತವೆ. ಕೆಲವನ್ನು ಎದುರು ಕೂತು ಕೇಳುತ್ತಾರೆ, ಕೆಲವು ಪತ್ರದಲ್ಲಿ ಬರುತ್ತವೆ. ಪ್ರತಿ ಸಲವೂ ಮೊದಲಿನಿಂದ ಹೇಳುವ ಬದಲು ಒಂದೇ ಕಡೆ ಬರೆದಿಟ್ಟಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಸುಲಭವಾದವು ಮೊದಲು, ತಲೆ ಕೆಡಿಸುವಂಥವು ಆಮೇಲೆ.

## ಮೊದಲ ಪರಿಚಯ

ಒಬ್ಬರು ಫೆಡರಲ್ ಪಾರ್ಟಿ ಅಂತಾರೆ, ಒಬ್ಬರು ತಮಿಳ್ ಅರಸು ಕಚ್ಚಿ ಅಂತಾರೆ, ಪೇಪರ್‌ನಲ್ಲಿ ಟಿಎನ್‌ಎ ಅಂತ ಬರುತ್ತೆ. ಎಲ್ಲಾ ಒಂದೇನಾ?

ಮೊದಲ ಎರಡು ಒಂದೇ. ಪಕ್ಷದ ತಮಿಳು ಹೆಸರು ಇಲಂಕೈ ತಮಿಳ್ ಅರಸು ಕಚ್ಚಿ. ಇಂಗ್ಲಿಷಿನಲ್ಲಿ ಫೆಡರಲ್ ಪಾರ್ಟಿ ಎಂದು ಕರೆದುಕೊಂಡರು. ‘ಅರಸು’ ಎಂದರೆ ರಾಜ್ಯ, ಸರ್ಕಾರ. ಹಾಗಾಗಿ ಸಿಂಹಳ ರಾಜಕಾರಣಿಗಳು ಮೊದಲಿನಿಂದಲೂ ಒಂದು ಆರೋಪ ಮಾಡುತ್ತ ಬಂದಿದ್ದಾರೆ: ಇಂಗ್ಲಿಷಿನಲ್ಲಿ ಒಕ್ಕೂಟ ಕೇಳುತ್ತಾರೆ, ತಮಿಳಿನಲ್ಲಿ ಬೇರೆ ರಾಜ್ಯವನ್ನೇ ಕೇಳುತ್ತಾರೆ ಅಂತ.

ಟಿಎನ್‌ಎ, ಅಂದರೆ ತಮಿಳು ರಾಷ್ಟ್ರೀಯ ಮೈತ್ರಿಕೂಟ, ಬೇರೆ ವಿಷಯ. 2001ರಲ್ಲಿ ನಾಲ್ಕು ತಮಿಳು ಪಕ್ಷಗಳು ಸೇರಿ ಕಟ್ಟಿದ ಕೂಟ ಅದು. ಅದು ಯಾವತ್ತೂ ಪಕ್ಷವಾಗಿ ನೋಂದಣಿಯಾಗಲಿಲ್ಲ. 2004ರಿಂದ ಅರಸು ಕಚ್ಚಿಯ ‘ಮನೆ’ ಗುರುತಿನಲ್ಲೇ ಸ್ಪರ್ಧಿಸುತ್ತ ಬಂತು. ಮನೆ ಯಾರದ್ದೋ, ಒಳಗೆ ಇರೋರು ಯಾರೋ. ಬಾಡಿಗೆದಾರರ ತಕರಾರು ಅಲ್ಲಿಂದಲೇ ಶುರು.

ಇನ್ನೊಂದು ಸಣ್ಣ ಮಾತು. ‘ಕಚ್ಚಿ’ ಅಂದರೆ ತಮಿಳಿನಲ್ಲಿ ಪಕ್ಷ. ಕೇಳಿದರೆ ನಮ್ಮ ‘ಕಕ್ಷಿ’ ನೆನಪಾಗುತ್ತದೆ, ಕೋರ್ಟು ಕಚೇರಿಯ ಕಕ್ಷಿ. 2024ರ ಮೇಲೆ ಈ ಪಕ್ಷಕ್ಕೆ ಎರಡೂ ಅರ್ಥ ಹೊಂದುತ್ತದೆ.

ಸದ್ಯದ ಜಗಳ ಯಾರ್ಯಾರ ನಡುವೆ? ಉದ್ದಕ್ಕೆ ಬೇಡ, ಎರಡೇ ಮಾತಲ್ಲಿ ಹೇಳಿ.

ಶಿವಜ್ಞಾನಂ ಶ್ರೀಧರನ್ ಒಂದು ಕಡೆ, ಎಂ.ಎ. ಸುಮಂತಿರನ್ ಇನ್ನೊಂದು ಕಡೆ. ಶ್ರೀಧರನ್ ಕಿಲಿನೊಚ್ಚಿಯವರು, ಮೊದಲು ಶಾಲೆಯ ಪ್ರಾಂಶುಪಾಲರಾಗಿದ್ದವರು. ಸುಮಂತಿರನ್ ಕೊಲಂಬೊದಲ್ಲಿ ಹೆಸರು ಮಾಡಿದ ವಕೀಲರು. ಇಬ್ಬರೂ 2010ರಲ್ಲಿ ಮೊದಲ ಸಲ ಸಂಸತ್ತಿಗೆ ಹೋದವರು.

2024ರ ಜನವರಿಯಲ್ಲಿ ನಿಜವಾಗಿ ಏನಾಯ್ತು?

ಹಿರಿಯ ನಾಯಕ ಮಾವೈ ಸೇನಾಧಿರಾಜಾ 2014ರಿಂದ ಅಧ್ಯಕ್ಷರಾಗಿದ್ದರು. ಅವರ ನಂತರ ಯಾರು ಎನ್ನುವುದಕ್ಕೆ ಒಮ್ಮತ ಬರಲಿಲ್ಲ. ಕೊನೆಗೆ ಜನವರಿ 21ರಂದು ತ್ರಿಂಕೋಮಲಿಯಲ್ಲಿ ಪಕ್ಷದ ಸದಸ್ಯರು ಮತ ಹಾಕಿದರು. ಶ್ರೀಧರನ್‌ಗೆ 184, ಸುಮಂತಿರನ್‌ಗೆ 137. ಸುಮಂತಿರನ್ ಸೋಲು ಒಪ್ಪಿಕೊಂಡರು. ಪಕ್ಷ ಹುಟ್ಟಿ 74 ವರ್ಷವಾಗಿತ್ತು. ಅಧ್ಯಕ್ಷ ಸ್ಥಾನಕ್ಕೆ ಪೈಪೋಟಿಯ ಚುನಾವಣೆ ನಡೆದದ್ದು ಅದೇ ಮೊದಲು.

ಆ ದಿನ ಎಲ್ಲರೂ ಬೆನ್ನು ತಟ್ಟಿಕೊಂಡರು. ಒಂದು ವಾರವೂ ಆಗಲಿಲ್ಲ, 27ನೇ ತಾರೀಕು ಉಳಿದ ಪದಾಧಿಕಾರಿಗಳ ಆಯ್ಕೆಗೆ ಸಭೆ ಸೇರಿದಾಗ ಗಲಾಟೆ ಎದ್ದಿತು. ಮಾರನೇ ದಿನ ಆಗಬೇಕಿದ್ದ ಮಹಾಧಿವೇಶನ ಮುಂದಕ್ಕೆ ಹೋಯಿತು.

ಗೆದ್ದ ಮೇಲೆ ಗೆದ್ದವರೇ ಅಧ್ಯಕ್ಷರು ಅಲ್ವಾ? ಯಾಕೆ ಆಗಲಿಲ್ಲ?

ಫೆಬ್ರವರಿಯಲ್ಲಿ ಪಕ್ಷದ ಸದಸ್ಯರೇ ಕೋರ್ಟಿಗೆ ಹೋದರು. ಆಯ್ಕೆ ಪಕ್ಷದ ನಿಯಮಾವಳಿಯಂತೆ ನಡೆದಿಲ್ಲ ಎಂಬುದು ದೂರು. ಮಧ್ಯಂತರ ತಡೆ ಬಂತು. ಹೊಸ ಪದಾಧಿಕಾರಿಗಳು ಕುರ್ಚಿ ಹತ್ತುವ ಹಾಗಿಲ್ಲ. ಹಾಗಾಗಿ ಹಳಬರೇ ಮುಂದುವರಿದರು.

ಇದರಲ್ಲಿ ಒಂದು ವಿಚಿತ್ರ ಇದೆ. ಸೋತವರು ಎದ್ದು ‘ನಾನೇ ಗೆದ್ದೆ’ ಅನ್ನಲಿಲ್ಲ. ಆದರೂ ಗೆದ್ದವರಿಗೆ ಕುರ್ಚಿ ಸಿಗಲಿಲ್ಲ. ಕೇಸು ಇರುವವರೆಗೂ ಇದ್ದವರೇ ಇರಬೇಕು, ಅಷ್ಟೆ. ತಡವಾದಷ್ಟೂ ಯಾರಿಗೆ ಲಾಭ ಎನ್ನುವುದನ್ನು ಪ್ರತಿ ಬಣವೂ ತನ್ನ ಲೆಕ್ಕದಲ್ಲಿ ನೋಡಿಕೊಂಡಿತು.

ಆ ವರ್ಷದ ಅಕ್ಟೋಬರ್‌ನಲ್ಲಿ ಸೇನಾಧಿರಾಜಾ ರಾಜೀನಾಮೆ ಪತ್ರ ಕೊಟ್ಟರು. ಆಮೇಲೆ ಅದು ಜಾರಿಗೆ ಬಂದಿದೆಯೋ ಇಲ್ಲವೋ ಎನ್ನುವುದೇ ಇನ್ನೊಂದು ಜಗಳವಾಯಿತು. ವರ್ಷದ ಕೊನೆಗೆ ಸಿ.ವಿ.ಕೆ. ಶಿವಜ್ಞಾನಂ ಹಂಗಾಮಿ ಅಧ್ಯಕ್ಷರಾದರು. 2025ರ ಜನವರಿ 29ರಂದು ಸೇನಾಧಿರಾಜಾ ತೀರಿಕೊಂಡರು. ಅದಾಗಿ ಸ್ವಲ್ಪ ದಿನಕ್ಕೆ ಸುಮಂತಿರನ್ ಹಂಗಾಮಿ ಪ್ರಧಾನ ಕಾರ್ಯದರ್ಶಿಯಾದರು. ಅಧ್ಯಕ್ಷ ಚುನಾವಣೆ ಗೆದ್ದವರು ಸಂಸದರಾಗಿ ಉಳಿದರು, ಸೋತವರ ಕೈಯಲ್ಲಿ ಪಕ್ಷದ ಕಡತ ಬಂತು. ‘ಇದೇನಪ್ಪಾ’ ಅಂತ ಕೇಳುವವರಿಗೆ ಉತ್ತರ ಕೆಳಗೆ ಕಾರ್ಯದರ್ಶಿ ಪ್ರಶ್ನೆಯಲ್ಲಿದೆ.

ಈ ಪಕ್ಷ ಯಾವತ್ತೂ ದೇಶ ಆಳೋದಿಲ್ಲ. ಮತ್ತೆ ಅದರ ಅಧ್ಯಕ್ಷಗಿರಿಗೆ ಇಷ್ಟು ಕಿತ್ತಾಟ ಯಾಕೆ?

ಆಳೋದಿಲ್ಲ, ಅದಕ್ಕೇ.

2012ರ ಜನಗಣತಿಯಂತೆ ಶ್ರೀಲಂಕಾ ತಮಿಳರು ದೇಶದ ಜನಸಂಖ್ಯೆಯಲ್ಲಿ ನೂರಕ್ಕೆ ಸುಮಾರು 11 ಮಂದಿ. 225 ಸದಸ್ಯರ ಸಂಸತ್ತಿನಲ್ಲಿ ಈ ಪಕ್ಷದ ಕೂಟ ತುಂಬಾ ಚೆನ್ನಾಗಿ ಗೆದ್ದ ವರ್ಷ, 2004ರಲ್ಲಿ, 22 ಸ್ಥಾನ ಪಡೆಯಿತು. ದೊಡ್ಡ ಪಕ್ಷದಲ್ಲಿ ಅಧ್ಯಕ್ಷ ಸ್ಥಾನ ತಪ್ಪಿದವರಿಗೆ ಮಂತ್ರಿಗಿರಿ ಕೊಡಬಹುದು, ನಿಗಮ ಕೊಡಬಹುದು, ರಾಯಭಾರಿ ಮಾಡಿ ಕಳಿಸಬಹುದು. ಇಲ್ಲಿ ಕೊಡೋದಕ್ಕೆ ಏನೂ ಇಲ್ಲ. ಮಂತ್ರಿಯಾಗುವುದೇ ದ್ರೋಹ ಅಂತ ನೋಡುವ ಪಕ್ಷ ಇದು. ಹಾಗಾಗಿ ಇರುವುದರಲ್ಲಿ ದೊಡ್ಡ ಹುದ್ದೆ ಪಕ್ಷದ್ದೇ.

ಒಂದು ಕಾಲಕ್ಕೆ ಪ್ರಾಂತ್ಯದ ಸ್ಥಾನಗಳಾದರೂ ಇದ್ದವು. 1987ರ ಭಾರತ–ಶ್ರೀಲಂಕಾ ಒಪ್ಪಂದದ ನಂತರ ಸಂವಿಧಾನದ 13ನೇ ತಿದ್ದುಪಡಿಯಿಂದ ಬಂದ ಪ್ರಾಂತೀಯ ಸಭೆಗಳು. 2013ರಲ್ಲಿ ಉತ್ತರ ಪ್ರಾಂತ್ಯದ 38 ಸ್ಥಾನಗಳಲ್ಲಿ ಮೈತ್ರಿಕೂಟ 30 ಗೆದ್ದಿತು. ಮುಖ್ಯಮಂತ್ರಿ, ಮಂತ್ರಿಗಳು, ಸಭಾಪತಿ, ಸದಸ್ಯರು ಅಂತ ಹತ್ತಾರು ಜನಕ್ಕೆ ಜಾಗ ಸಿಕ್ಕಿತು. ಆ ಸಭೆಯ ಅವಧಿ 2018ರ ಅಕ್ಟೋಬರ್‌ಗೆ ಮುಗಿಯಿತು. ಪೂರ್ವ ಪ್ರಾಂತ್ಯದ್ದು ಅದಕ್ಕೂ ಒಂದು ವರ್ಷ ಮೊದಲೇ ಮುಗಿದಿತ್ತು. ಆ ನಂತರ ಚುನಾವಣೆಯನ್ನೇ ಮಾಡಲಿಲ್ಲ. ಜಾಫ್ನಾ ಜಿಲ್ಲೆಯ ಸಂಸತ್ ಸ್ಥಾನಗಳೂ ಕರಗಿದವು: 2010ರಲ್ಲಿ 9, 2015ರಲ್ಲಿ 7, 2024ರಲ್ಲಿ 6. ಯುದ್ಧದಲ್ಲಿ ಊರು ಬಿಟ್ಟವರಲ್ಲಿ ಅನೇಕರು ವಾಪಸ್ ಬಂದಿಲ್ಲ, ದೇಶದ ಒಟ್ಟು ಮತದಾರರಲ್ಲಿ ಜಿಲ್ಲೆಯ ಪಾಲು ಕಡಿಮೆಯಾಗಿದೆ.

ಆಟ ಆಡುವವರು ಅಷ್ಟೇ ಜನ, ಕುರ್ಚಿ ಮಾತ್ರ ಒಂದೊಂದಾಗಿ ಎತ್ತಿಡುತ್ತಿದ್ದಾರೆ. ಜಗಳ ಜಾಸ್ತಿಯಾಗದೆ ಇನ್ನೇನಾಗುತ್ತೆ?

## ಹಿಂದಿನ ಕಥೆ

ಚೆಲ್ವನಾಯಕಂ ಕಾಲದಲ್ಲಿ ಎಲ್ಲರೂ ಒಗ್ಗಟ್ಟಾಗಿದ್ರು, ಈಗಿನವರು ಹಾಳು ಮಾಡಿದ್ರು ಅಂತಾರೆ. ನಿಜನಾ?

ಹಳೆಯದೆಲ್ಲ ಚೆನ್ನ ಅನ್ನುವ ಮಾತು ಎಲ್ಲ ಪಕ್ಷಗಳಲ್ಲೂ ಇದೆ. ಇಲ್ಲಿ ಮಾತ್ರ ಅದಕ್ಕೆ ಆಧಾರ ಕಡಿಮೆ. ಈ ಪಕ್ಷ ಹುಟ್ಟಿದ್ದೇ ಒಂದು ಒಡಕಿನಿಂದ.

1944ರಲ್ಲಿ ಜಿ.ಜಿ. ಪೊನ್ನಂಬಲಂ ಅಖಿಲ ಸಿಲೋನ್ ತಮಿಳು ಕಾಂಗ್ರೆಸ್ ಕಟ್ಟಿದರು. ಎಸ್.ಜೆ.ವಿ. ಚೆಲ್ವನಾಯಕಂ ಆಗ ಅವರ ಜೊತೆಗಿದ್ದವರು. 1947ರಲ್ಲಿ ಆ ಪಕ್ಷ 7 ಸ್ಥಾನ ಗೆದ್ದಿತು. 1948ರಲ್ಲಿ ಪೊನ್ನಂಬಲಂ ಪ್ರಧಾನಿ ಡಿ.ಎಸ್. ಸೇನಾನಾಯಕೆ ಸರ್ಕಾರ ಸೇರಿ ಮಂತ್ರಿಯಾದರು. ಅದೇ ಹೊತ್ತಿಗೆ ಬಂದ ಪೌರತ್ವ ಕಾನೂನಿನಿಂದ ಚಹಾ ತೋಟಗಳ ಲಕ್ಷಾಂತರ ತಮಿಳರು ಯಾವ ದೇಶದ ಪೌರರೂ ಅಲ್ಲದವರಾದರು. ‘ಅವರ ಗತಿ ಇವತ್ತು, ನಮ್ಮ ಗತಿ ನಾಳೆ’ ಅನ್ನುವುದು ಚೆಲ್ವನಾಯಕಂ ಬಣದ ವಾದ. 1949ರ ಡಿಸೆಂಬರ್ 18ರಂದು ಅವರು ಹೊರಬಂದು ಅರಸು ಕಚ್ಚಿ ಕಟ್ಟಿದರು.

ಕೊಲಂಬೊ ಜೊತೆ ಕೂತು ಸಿಕ್ಕಿದ್ದನ್ನು ತೆಗೆದುಕೊಳ್ಳಬೇಕೋ, ದೂರ ನಿಂತು ಕೇಳಬೇಕೋ? 1949ರ ಆ ಪ್ರಶ್ನೆಗೆ ಇವತ್ತಿಗೂ ಒಪ್ಪಿತ ಉತ್ತರ ಇಲ್ಲ. ಒಳಜಗಳಗಳಲ್ಲಿ ಅರ್ಧಕ್ಕರ್ಧ ಇದೇ ಪ್ರಶ್ನೆಯ ಹೊಸ ವೇಷ ಅಂತ ನನ್ನ ಅನಿಸಿಕೆ.

ಹೊಸ ಪಕ್ಷಕ್ಕೆ 1952ರಲ್ಲಿ ಸಿಕ್ಕಿದ್ದು ಎರಡೇ ಸ್ಥಾನ. ಚೆಲ್ವನಾಯಕಂ ಅವರೇ ಕಾಂಕೇಸಂತುರೈಯಲ್ಲಿ ಸೋತರು. 1956ರಲ್ಲಿ ಸಿಂಹಳವೊಂದೇ ಆಡಳಿತ ಭಾಷೆಯಾಗಲಿ ಎನ್ನುವ ‘ಸಿಂಹಳ ಮಾತ್ರ’ ಅಲೆ ಎದ್ದಾಗ ತಮಿಳರು ಇವರ ಕಡೆ ತಿರುಗಿದರು, 10 ಸ್ಥಾನ ಬಂತು. 1957ರಲ್ಲಿ ಪ್ರಧಾನಿ ಬಂಡಾರನಾಯಕೆ ಜೊತೆ ಒಪ್ಪಂದವಾಯಿತು, ಮುಂದಿನ ವರ್ಷ ಅದು ಮುರಿಯಿತು. 1965ರಲ್ಲಿ ಪ್ರಧಾನಿ ಡಡ್ಲಿ ಸೇನಾನಾಯಕೆ ಜೊತೆ ಇನ್ನೊಂದು ಒಪ್ಪಂದ. ಆಗ ಪಕ್ಷದ ಪರವಾಗಿ ಎಂ. ತಿರುಚೆಲ್ವಂ ಮಂತ್ರಿಯೂ ಆದರು. ಪೊನ್ನಂಬಲಂ ಮಂತ್ರಿಯಾದದ್ದಕ್ಕೇ ಹುಟ್ಟಿದ ಪಕ್ಷ ಅದು, ನೆನಪಿರಲಿ. ಆ ಕಾಲದಲ್ಲೇ ವಿ. ನವರತ್ನಂ ಹೊರಬಂದು ಸ್ವಯಂ ಆಡಳಿತದ ಬೇಡಿಕೆ ಇಟ್ಟು ತಮ್ಮದೇ ಪಕ್ಷ ಕಟ್ಟಿದರು. 1970ರಲ್ಲಿ ಸೋತರು. ಅವರ ಮಾತು ಮಾತ್ರ ಆರೇ ವರ್ಷದಲ್ಲಿ ಎಲ್ಲರ ಮಾತಾಯಿತು.

ಅಷ್ಟು ವರ್ಷ ಚುನಾವಣೆ ಇಲ್ಲದೆ ಅಧ್ಯಕ್ಷರನ್ನ ಹೇಗೆ ಆರಿಸ್ತಿದ್ರು?

ಹಿರಿಯರು ಕೂತು ಮಾತಾಡಿ ಒಂದು ಹೆಸರು ಹೇಳುತ್ತಿದ್ದರು, ಸಭೆ ಚಪ್ಪಾಳೆ ತಟ್ಟುತ್ತಿತ್ತು. ಆರಂಭದ ದಶಕಗಳಲ್ಲಿ ಅಧ್ಯಕ್ಷಗಿರಿ ಉತ್ತರದವರಿಗೂ ಪೂರ್ವದವರಿಗೂ ಸುತ್ತುತ್ತಿತ್ತು. ತ್ರಿಂಕೋಮಲಿಯ ರಾಜವರೋದಯಂ, ಬಟ್ಟಿಕಲೋವಾ ಕಡೆಯ ಎಸ್.ಎಂ. ರಾಸಮಾಣಿಕ್ಕಂ ಅಧ್ಯಕ್ಷರಾಗಿದ್ದರು. ಯಾರೇ ಅಧ್ಯಕ್ಷರಾದರೂ ಕೊನೆಯ ಮಾತು ಚೆಲ್ವನಾಯಕಂ ಅವರದ್ದು. ‘ತಂದೈ ಚೆಲ್ವಾ’ ಅಂತ ಕರೆಯುತ್ತಿದ್ದರು, ಅಪ್ಪ ಅನ್ನುವ ಅರ್ಥದಲ್ಲಿ.

ಅಪ್ಪ ಇರುವವರೆಗೆ ಈ ಪದ್ಧತಿ ಚೆನ್ನಾಗಿಯೇ ನಡೆಯುತ್ತದೆ. ತೊಂದರೆ ಏನೆಂದರೆ, ಮತ ಎಣಿಸುವುದು, ಸೋಲುವುದು, ಸೋತ ಮೇಲೂ ಅದೇ ಕೋಣೆಯಲ್ಲಿ ಕೂತು ಕೆಲಸ ಮಾಡುವುದು ಇವೆಲ್ಲ ಅಭ್ಯಾಸದಿಂದ ಬರುವಂಥವು. ಆ ಅಭ್ಯಾಸಕ್ಕೆ ಇವರಿಗೆ ಅವಕಾಶವೇ ಸಿಗಲಿಲ್ಲ. ನಿಯಮಾವಳಿಯ ಪುಸ್ತಕವನ್ನು ಬಿಡಿಸಿ ನೋಡುವ ಅಗತ್ಯವೇ ಬಾರದ ಪಕ್ಷದಲ್ಲಿ, ಮೊದಲ ಸಲ ಬಿಡಿಸಿದಾಗ ಪ್ರತಿ ಪುಟದಲ್ಲೂ ತಕರಾರು ಸಿಕ್ಕಿತು.

ಎಲ್‌ಟಿಟಿಇಗೂ ಈ ಜಗಳಕ್ಕೂ ಏನು ಸಂಬಂಧ? ಅವರು ಹೋಗಿ ಎಷ್ಟೋ ವರ್ಷ ಆಯ್ತಲ್ಲ?

ಸಂಬಂಧ ಎರಡು ಬಗೆಯದ್ದು.

ಒಂದು, ಅವರು ಮಧ್ಯದ ಒಂದು ತಲೆಮಾರನ್ನೇ ಕೊಂದರು. 1976ರ ವಡ್ಡುಕೋಟ್ಟೈ ನಿರ್ಣಯದಲ್ಲಿ ಅರಸು ಕಚ್ಚಿಯೂ ಸೇರಿ ತಮಿಳು ಪಕ್ಷಗಳು ಬೇರೆ ದೇಶ ಕೇಳಿದವು. ತಮಿಳು ಐಕ್ಯ ವಿಮೋಚನಾ ರಂಗ ಎಂಬ ಹೆಸರಿನಲ್ಲಿ 1977ರಲ್ಲಿ 18 ಸ್ಥಾನ ಗೆದ್ದವು. ಆ ರಂಗದ ನಾಯಕ ಅಮೃತಲಿಂಗಂ ಸಂಸತ್ತಿನಲ್ಲಿ ವಿರೋಧ ಪಕ್ಷದ ನಾಯಕರಾದರು. ಚುನಾವಣೆಗೆ ಕೆಲವೇ ತಿಂಗಳ ಮೊದಲು ಚೆಲ್ವನಾಯಕಂ ತೀರಿಕೊಂಡಿದ್ದರು. ಆಮೇಲೆ ಬಂದೂಕಿನ ಹುಡುಗರು ಇವರನ್ನು ದ್ರೋಹಿಗಳು ಅನ್ನತೊಡಗಿದರು. 1989ರ ಜುಲೈ 13ರಂದು ಕೊಲಂಬೊದಲ್ಲಿ ಮಾತುಕತೆಗೆಂದು ಬಂದ ಎಲ್‌ಟಿಟಿಇಯವರು ಅಮೃತಲಿಂಗಂ ಮತ್ತು ಮಾಜಿ ಸಂಸದ ಯೋಗೇಶ್ವರನ್ ಅವರನ್ನು ಗುಂಡಿಟ್ಟು ಕೊಂದರು. ಹತ್ತು ವರ್ಷದ ನಂತರ, 1999ರಲ್ಲಿ, ಮಂತ್ರಿಯಾಗಿದ್ದ ತಿರುಚೆಲ್ವಂ ಅವರ ಮಗ ನೀಲನ್ ತಿರುಚೆಲ್ವಂ ಅವರನ್ನು ಆತ್ಮಾಹುತಿ ಬಾಂಬಿನಿಂದ ಕೊಂದರು. ನಾಯಕತ್ವ ಹಿರಿಯರಿಂದ ನಡುವಯಸ್ಸಿನವರಿಗೆ, ಅಲ್ಲಿಂದ ಕಿರಿಯರಿಗೆ ಬರಬೇಕಿತ್ತು. ನಡುವಿನ ಮೆಟ್ಟಿಲೇ ಇಲ್ಲವಾಯಿತು.

ಎರಡು, ಬದುಕಿದ್ದಷ್ಟು ದಿನ ಅವರೇ ಪಂಚಾಯ್ತಿ ಕಟ್ಟೆ. ಟಿಎನ್‌ಎ ಕಟ್ಟಿದ ಮೇಲೆ ಯಾರು ನಿಲ್ಲಬೇಕು, ಯಾರು ಬೇಡ ಎನ್ನುವುದರಲ್ಲಿ ಎಲ್‌ಟಿಟಿಇಯ ನೆಲೆಯಾಗಿದ್ದ ವನ್ನಿ ಕಾಡಿನ ಮಾತಿಗೆ ಎದುರು ಮಾತಿರಲಿಲ್ಲ. ಹೆದರಿಕೆಯಿಂದ ಬಂದ ಒಗ್ಗಟ್ಟು ಹೊರಗಿನವರಿಗೆ ಒಗ್ಗಟ್ಟಿನ ಹಾಗೇ ಕಾಣುತ್ತದೆ. 2009ರ ಮೇ ತಿಂಗಳಲ್ಲಿ ಯುದ್ಧ ಮುಗಿಯಿತು. ಒಂದೇ ವರ್ಷದಲ್ಲಿ ಮೊದಲ ಒಡಕು ಬಂತು. ಪೊನ್ನಂಬಲಂ ಮೊಮ್ಮಗ ಗಜೇಂದ್ರಕುಮಾರ್ ಕೂಟ ಬಿಟ್ಟು ಹೊರಟರು. ಅಜ್ಜನನ್ನು ‘ಮೆತ್ತಗಾದ’ ಅಂತ ಬಿಟ್ಟುಬಂದವರ ಪಕ್ಷವನ್ನು ಮೊಮ್ಮಗ ‘ಮೆತ್ತಗಾಯ್ತು’ ಅಂತ ಬಿಟ್ಟರು.

ಅದಕ್ಕೇ 2024ರ ಕೋರ್ಟು ಕೇಸನ್ನು ಕಂಡು ‘ಛೇ, ಎಂಥ ಗತಿ’ ಅನ್ನುವವರ ಜೊತೆ ನಾನು ಪೂರ್ತಿ ಸೇರುವುದಿಲ್ಲ. ವಕೀಲರ ನೋಟಿಸಿನಿಂದ ಯಾರೂ ಸಾಯುವುದಿಲ್ಲ.

‘ಉದಯಸೂರ್ಯ’ ಹೋಗಿ ‘ಮನೆ’ ಬಂದಿದ್ದು ಯಾಕೆ?

ಇದೂ ಒಂದು ನಾಯಕತ್ವದ ಜಗಳವೇ. 2001ರಲ್ಲಿ ಟಿಎನ್‌ಎ ಸ್ಪರ್ಧಿಸಿದ್ದು ಐಕ್ಯ ವಿಮೋಚನಾ ರಂಗದ ಉದಯಸೂರ್ಯ ಗುರುತಿನಲ್ಲಿ. ಆ ಪಕ್ಷದ ಅಧ್ಯಕ್ಷ ವಿ. ಆನಂದಸಂಗರಿ ಎಲ್‌ಟಿಟಿಇಯೇ ತಮಿಳರ ಏಕೈಕ ಪ್ರತಿನಿಧಿ ಎನ್ನುವುದನ್ನು ಒಪ್ಪಲಿಲ್ಲ. ಗುರುತು ಕೊಡೋದಿಲ್ಲ ಅಂದರು. ಉಳಿದವರೆಲ್ಲ ಒಂದು ಕಡೆ, ಗುರುತು ಇನ್ನೊಂದು ಕಡೆ. ಆಗ ಅಟ್ಟದ ಮೇಲೆ ಇಟ್ಟಿದ್ದ ಹಳೆಯ ಅರಸು ಕಚ್ಚಿಯನ್ನು ಇಳಿಸಿ, ಧೂಳು ಕೊಡವಿ, ಅದರ ಮನೆ ಗುರುತಿನಲ್ಲಿ 2004ರ ಚುನಾವಣೆಗೆ ಹೋದರು. ಗುರುತು ಹಿಡಿದವರು ಸೋತರು, ಜನ ಹಿಡಿದವರು ಗೆದ್ದರು. ಆದರೆ ಹೊಸ ಮನೆಯ ಕೀಲಿ ಕೈ ಯಾರ ಹತ್ತಿರ ಇರುತ್ತದೋ ಅವರ ತೂಕ ಎಷ್ಟು ಅನ್ನುವುದೂ ಅವತ್ತೇ ಎಲ್ಲರಿಗೂ ತಿಳಿಯಿತು.

## ಜಗಳ ಹೇಗೆ ನಡೆಯುತ್ತೆ

ಅಧ್ಯಕ್ಷ ಸ್ಥಾನದ್ದು ಬಿಡಿ, ಕಾರ್ಯದರ್ಶಿ ಸ್ಥಾನಕ್ಕೆ ಅಷ್ಟೊಂದು ಗಲಾಟೆ ಯಾಕೆ?

ನಮ್ಮಲ್ಲಿ ಬಿ ಫಾರಂಗೆ ಸಹಿ ಹಾಕುವವರ ಮುಂದೆ ಯಾಕೆ ಕ್ಯೂ ಇರುತ್ತದೋ ಅದಕ್ಕೇ. ಶ್ರೀಲಂಕಾದಲ್ಲಿ ಚುನಾವಣಾ ಆಯೋಗ ಗುರುತಿಸುವುದು ಪಕ್ಷದ ಕಾರ್ಯದರ್ಶಿಯನ್ನು. ಅಭ್ಯರ್ಥಿಗಳ ಪಟ್ಟಿ ಕೊಡುವುದು ಅವರು. ದೇಶದ ಒಟ್ಟು ಮತದ ಲೆಕ್ಕದಲ್ಲಿ ಪಕ್ಷಕ್ಕೆ ಸಿಗುವ ರಾಷ್ಟ್ರೀಯ ಪಟ್ಟಿಯ ಸ್ಥಾನಕ್ಕೆ ಹೆಸರು ಕಳಿಸುವುದು ಅವರು. ಪಕ್ಷದಿಂದ ಹೊರಹಾಕಿದ ಸಂಸದರು ಸ್ಥಾನವನ್ನೂ ಕಳೆದುಕೊಳ್ಳಬಹುದು. ಸುಪ್ರೀಂ ಕೋರ್ಟಿಗೆ ಹೋಗುವ ದಾರಿ ಇದೆ, ಆದರೂ ಭಯ ಇದ್ದೇ ಇರುತ್ತದೆ. ಅಧ್ಯಕ್ಷರಿಗೆ ಹಾರ, ಕಾರ್ಯದರ್ಶಿಗೆ ಪೆನ್ನು. ಚುನಾವಣೆಯ ವರ್ಷದಲ್ಲಿ ಯಾವುದು ಬೇಕು ಅಂತ ಯಾರನ್ನಾದರೂ ಕೇಳಿ.

2024ರ ಜನವರಿಯಲ್ಲಿ ಇದರ ಜೊತೆ ಊರಿನ ಲೆಕ್ಕವೂ ಸೇರಿತು. ಅಧ್ಯಕ್ಷರು ಉತ್ತರದವರಾದರು, ಹಾಗಾದರೆ ಕಾರ್ಯದರ್ಶಿ ಪೂರ್ವದವರಾಗಲಿ ಅಂತ ಎಲ್ಲರೂ ಒಪ್ಪಿದರು. ಪೂರ್ವ ಅಂದರೆ ಯಾವ ಊರು? ತ್ರಿಂಕೋಮಲಿಯ ಕುಗದಾಸನ್ ಒಂದು ಕಡೆ, ಬಟ್ಟಿಕಲೋವಾದ ಶ್ರೀನೇಶನ್ ಇನ್ನೊಂದು ಕಡೆ. ಸಭೆ ಕುಗದಾಸನ್ ಹೆಸರು ಹೇಳಿತು, ಅಲ್ಲಿಗೆ ಕೂಗಾಟ ಶುರುವಾಯಿತು.

ಉತ್ತರ, ಪೂರ್ವ ಅಂತ ಇಷ್ಟು ಲೆಕ್ಕ ಹಾಕೋದು ಬೇಕಾ? ಎಲ್ಲರೂ ತಮಿಳರೇ ತಾನೆ?

ಜಾಫ್ನಾದಲ್ಲಿ ಕೂತರೆ ಹಾಗನ್ನಿಸುತ್ತದೆ. ಪೂರ್ವದಲ್ಲಿ ತಮಿಳರು, ಮುಸ್ಲಿಮರು, ಸಿಂಹಳೀಯರು ಅಕ್ಕಪಕ್ಕ ಇದ್ದಾರೆ. ಜಮೀನು, ಕೆಲಸ, ಆಸ್ಪತ್ರೆ ಎಲ್ಲಕ್ಕೂ ಪೈಪೋಟಿ ಇದೆ. ಅಲ್ಲಿನ ತಮಿಳರಿಗೆ ಬರೀ ತತ್ವದ ಮಾತು ಸಾಕಾಗುವುದಿಲ್ಲ. ಜಾಫ್ನಾದವರು ನಮ್ಮನ್ನು ಎರಡನೇ ಸಾಲಿನಲ್ಲಿ ಕೂರಿಸುತ್ತಾರೆ ಎಂಬ ನೋವು ಹಳೆಯದು. 2004ರಲ್ಲಿ ಎಲ್‌ಟಿಟಿಇಯಿಂದ ಅದರ ಪೂರ್ವದ ಕಮಾಂಡರ್ ಕರುಣಾ ಒಡೆದು ಹೋದಾಗಲೂ ಇದೇ ಮಾತನ್ನೇ ಹಿಡಿದುಕೊಂಡಿದ್ದರು. 2024ರ ಸಂಸತ್ ಚುನಾವಣೆಯಲ್ಲಿ ಪಕ್ಷವನ್ನು ಉಳಿಸಿದ್ದು ಬಟ್ಟಿಕಲೋವಾ. ಅಲ್ಲಿ 5ರಲ್ಲಿ 3 ಸ್ಥಾನ. ಗೆದ್ದವರಲ್ಲಿ ಹಳೆಯ ಅಧ್ಯಕ್ಷ ರಾಸಮಾಣಿಕ್ಕಂ ಅವರ ಮೊಮ್ಮಗ ಶಾಣಕ್ಯನ್ ಕೂಡ ಒಬ್ಬರು.

ಒಂದೇ ಪಕ್ಷದ ಅಭ್ಯರ್ಥಿಗಳು ಒಬ್ಬರ ಕಾಲು ಒಬ್ಬರು ಎಳೀತಾರಂತೆ. ಅದು ಹೇಗೆ ಸಾಧ್ಯ?

ಅಲ್ಲಿನ ಚುನಾವಣೆಯ ರೀತಿಯೇ ಹಾಗಿದೆ. ಇಡೀ ಜಿಲ್ಲೆ ಒಂದು ಕ್ಷೇತ್ರ. ಮತದಾರರು ಮೊದಲು ಪಕ್ಷಕ್ಕೆ ಗುರುತು ಹಾಕುತ್ತಾರೆ. ಆಮೇಲೆ ಆ ಪಕ್ಷದ ಪಟ್ಟಿಯಲ್ಲಿ ಇಷ್ಟವಾದ ಮೂವರವರೆಗೆ ಆರಿಸಬಹುದು. ಪಕ್ಷಕ್ಕೆ ಎಷ್ಟು ಸ್ಥಾನ ಬಂತೋ ಅಷ್ಟು ಜನ, ಜಾಸ್ತಿ ಇಷ್ಟದ ಮತ ಪಡೆದವರು, ಸಂಸತ್ತಿಗೆ ಹೋಗುತ್ತಾರೆ. ಅಂದರೆ ಹೊರಗಿನ ಎದುರಾಳಿಯನ್ನು ಸೋಲಿಸಿದರೆ ಅರ್ಧ ಕೆಲಸ. ಪಕ್ಕದಲ್ಲಿ ಕೈ ಮುಗಿದು ನಿಂತವರನ್ನೂ ಹಿಂದೆ ಹಾಕಬೇಕು. ಒಂದೇ ವೇದಿಕೆಯಲ್ಲಿ ಕೂತವರ ಕರಪತ್ರಗಳಲ್ಲಿ ಬೇರೆ ಬೇರೆ ನಂಬರ್ ಇರುತ್ತದೆ.

ಇದರಲ್ಲಿ ಅಧ್ಯಕ್ಷರೇ ಬಿದ್ದುಹೋಗಬಹುದು. 2020ರಲ್ಲಿ ಹಾಗೇ ಆಯಿತು. ಜಾಫ್ನಾದಲ್ಲಿ ಶ್ರೀಧರನ್, ಸುಮಂತಿರನ್ ಇಬ್ಬರೂ ಒಂದೇ ಪಟ್ಟಿಯಲ್ಲಿ ನಿಂತು ಗೆದ್ದರು. ಅಧ್ಯಕ್ಷ ಸೇನಾಧಿರಾಜಾ ಸೋತರು. ಸೋತ ಅಧ್ಯಕ್ಷ, ಗೆದ್ದ ಇಬ್ಬರು ಸಂಸದರು. ಮುಂದಿನ ಕಥೆಯ ಬೀಜ ಅಲ್ಲೇ ಇತ್ತು.

ಹೊರಗಿನಿಂದ ದೊಡ್ಡ ಮನುಷ್ಯರನ್ನ ತಂದು ಕೂರಿಸಿದರೆ ಜಗಳ ನಿಲ್ಲಲ್ವಾ?

ಮಾಡಿ ನೋಡಿದ್ದಾರೆ. 2013ರಲ್ಲಿ ಉತ್ತರ ಪ್ರಾಂತ್ಯದ ಮುಖ್ಯಮಂತ್ರಿ ಅಭ್ಯರ್ಥಿ ಯಾರು ಅಂತ ತಕರಾರು ಬಂದಾಗ, ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಸಿ.ವಿ. ವಿಘ್ನೇಶ್ವರನ್ ಅವರನ್ನು ಕರೆತಂದರು. ಜಾಫ್ನಾದಲ್ಲಿ ಅವರಿಗೆ 1 ಲಕ್ಷ 32 ಸಾವಿರಕ್ಕೂ ಜಾಸ್ತಿ ಇಷ್ಟದ ಮತ ಬಂತು. ಅಷ್ಟು ಮತ ಬಂದ ಮೇಲೆ ಯಾರು ತಾನೆ ಬರೀ ಹೆಸರಿಗೆ ಕೂರುತ್ತಾರೆ? ತಮ್ಮದೇ ದಾರಿ ಹಿಡಿದರು. 2017ರಲ್ಲಿ ಕರೆತಂದ ಪಕ್ಷದ ಸದಸ್ಯರೇ ಅವರ ಮೇಲೆ ಅವಿಶ್ವಾಸ ಗೊತ್ತುವಳಿ ತಂದರು. 2018ರಲ್ಲಿ ಅವರು ಸ್ವಂತ ಪಕ್ಷ ಕಟ್ಟಿದರು, 2020ರಲ್ಲಿ ಸಂಸದರೂ ಆದರು. ಅರಸು ಕಚ್ಚಿ ಎದುರಾಳಿಗಳ ಸಾಲಿನಲ್ಲಿ ಇನ್ನೊಂದು ಹೆಸರು.

## ಇನ್ನೂ ಆಳಕ್ಕೆ

ಸುಮಂತಿರನ್ ಮೃದು, ಶ್ರೀಧರನ್ ಗಟ್ಟಿ ಅಂತಾರೆ. ಇದು ಸಿದ್ಧಾಂತದ ಜಗಳನಾ, ಸುಮ್ನೆ ಕುರ್ಚಿ ಜಗಳನಾ?

ಎರಡನ್ನೂ ಬಿಡಿಸುವುದು ಕಷ್ಟ. ಕಾಗದದ ಮೇಲೆ ಇಬ್ಬರ ಬೇಡಿಕೆ ಒಂದೇ: ಉತ್ತರ–ಪೂರ್ವಕ್ಕೆ ಒಕ್ಕೂಟ ಮಾದರಿಯ ಅಧಿಕಾರ, ಯುದ್ಧಕಾಲದ ಅನ್ಯಾಯಕ್ಕೆ ನ್ಯಾಯ. ವ್ಯತ್ಯಾಸ ಇರುವುದು ಧಾಟಿಯಲ್ಲಿ. ಸುಮಂತಿರನ್ 2015ರ ನಂತರ ಸಿರಿಸೇನಾ–ವಿಕ್ರಮಸಿಂಘೆ ಸರ್ಕಾರದ ಹೊಸ ಸಂವಿಧಾನದ ಕೆಲಸದಲ್ಲಿ ತುಂಬಾ ಹತ್ತಿರದಿಂದ ತೊಡಗಿದ್ದರು. ಸಿಂಹಳ ಕೇಳುಗರ ಮುಂದೆಯೂ ಮಾತಾಡಬಲ್ಲರು. ಬಂದೂಕಿನ ದಾರಿಯನ್ನು ಒಪ್ಪಲಿಲ್ಲ ಎಂದು ಬಾಯಿಬಿಟ್ಟು ಹೇಳಿದವರು. ಆ ಸಂವಿಧಾನ ಬರಲೇ ಇಲ್ಲ. ನಂಬಿ ಕೈ ಸುಟ್ಟುಕೊಂಡರು ಎಂಬ ಹೆಸರು ಮಾತ್ರ ಉಳಿಯಿತು. ಶ್ರೀಧರನ್ ಅವರ ಕಿಲಿನೊಚ್ಚಿ ಇರುವ ವನ್ನಿ ಕಡೆ, ಮನೆಮನೆಯಲ್ಲೂ ಯುದ್ಧದಲ್ಲಿ ಸತ್ತವರ, ಕಾಣೆಯಾದವರ ಫೋಟೋ ಇದೆ. ಅಲ್ಲಿ ಮಾತಾಡುವ ಧಾಟಿ ಬೇರೆಯೇ ಆಗಬೇಕಾಗುತ್ತದೆ.

ಹಾಗಂತ ಇದನ್ನು ಬರೀ ಸಿದ್ಧಾಂತ ಅಂದುಕೊಂಡರೆ ಮೋಸ ಹೋಗುತ್ತೀರಿ. ಸಿದ್ಧಾಂತದ ಜಗಳವಾಗಿದ್ದರೆ ಮೊದಲು ನಿರ್ಣಯಗಳ ಮೇಲೆ ಮತ ಬೀಳಬೇಕಿತ್ತು. ಬಿದ್ದದ್ದು ಹುದ್ದೆಗಳ ಮೇಲೆ.

ನನ್ನನ್ನು ಕೇಳಿದರೆ ಹೀಗಿದೆ: ಕುರ್ಚಿ ಬೇಕಾದವರಿಗೆ ಕಾರಣ ಬೇಕಾಗುತ್ತದೆ. 1949ರಿಂದ ಬಗೆಹರಿಯದ ಪ್ರಶ್ನೆ ಆ ಕಾರಣವನ್ನು ಪುಕ್ಕಟೆ ಕೊಡುತ್ತದೆ. ಅದಕ್ಕೇ ರಾಜಿ ಕಷ್ಟ. ಹುದ್ದೆಯನ್ನು ಪಾಲು ಮಾಡಬಹುದು, ‘ದ್ರೋಹಿ’ ಅನ್ನುವ ಮಾತನ್ನು ವಾಪಸ್ ತೆಗೆದುಕೊಳ್ಳುವುದು ಹೇಗೆ?

2024ರಲ್ಲಿ ದೇಶದ ಅಧ್ಯಕ್ಷೀಯ ಚುನಾವಣೆಯಲ್ಲಿ ಪಕ್ಷ ಯಾರ ಕಡೆ ಇತ್ತು? ನನಗೆ ಕೊನೆಗೂ ಅರ್ಥ ಆಗಲಿಲ್ಲ.

ಅಲ್ಲಿನವರಿಗೂ ಪೂರ್ತಿ ಅರ್ಥವಾಗಿರಲಿಲ್ಲ. ಸೆಪ್ಟೆಂಬರ್ 1ರಂದು ವವುನಿಯಾದಲ್ಲಿ ಕೇಂದ್ರ ಸಮಿತಿ ಆಗಿನ ವಿರೋಧ ಪಕ್ಷದ ನಾಯಕ ಸಜಿತ್ ಪ್ರೇಮದಾಸಗೆ ಬೆಂಬಲ ಅಂತ ತೀರ್ಮಾನಿಸಿತು. ಅದೇ ಹೊತ್ತಿಗೆ ಬೇರೆ ಪಕ್ಷಗಳು, ಸಂಘಟನೆಗಳು ಸೇರಿ ‘ತಮಿಳು ಸಾಮಾನ್ಯ ಅಭ್ಯರ್ಥಿ’ಯನ್ನು ನಿಲ್ಲಿಸಿದ್ದವು. ಅವರು ಯಾರು? ಅರಸು ಕಚ್ಚಿಯ ಮಾಜಿ ಸಂಸದ ಅರಿಯನೇತ್ತಿರನ್. ಶ್ರೀಧರನ್ ಈ ಅರಿಯನೇತ್ತಿರನ್ ಪರ ನಿಂತರು. ಅಂದರೆ ಪಕ್ಷದ ತೀರ್ಮಾನ ಒಂದು, ಪಕ್ಷದ ಚುನಾಯಿತ ಅಧ್ಯಕ್ಷರ ಪ್ರಚಾರ ಇನ್ನೊಂದು. ಸೆಪ್ಟೆಂಬರ್ 21ರಂದು ಅರಿಯನೇತ್ತಿರನ್‌ಗೆ ದೇಶದಲ್ಲೆಲ್ಲ ಸೇರಿ 2,26,343 ಮತ ಬಂತು. ಜಾಫ್ನಾ ಜಿಲ್ಲೆಯಲ್ಲಿ ಪ್ರೇಮದಾಸಗಿಂತ ಸ್ವಲ್ಪವೇ ಹಿಂದೆ.

ಹಿರಿಯ ನಾಯಕ ಸಂಪಂತನ್ ಇದ್ದಿದ್ದರೆ ಇಷ್ಟು ಬಹಿರಂಗವಾಗುತ್ತಿರಲಿಲ್ಲ ಅಂತ ಕೆಲವರು ಹೇಳುತ್ತಾರೆ. ಅವರು ಆ ಜೂನ್ 30ರಂದು 91ನೇ ವಯಸ್ಸಿಗೆ ತೀರಿಕೊಂಡಿದ್ದರು. ಆದರೆ ಜನವರಿಯ ಗಲಾಟೆ ನಡೆದಾಗ ಅವರು ಇದ್ದರಲ್ಲ.

ಈ ಜಗಳದಿಂದ ಎಷ್ಟು ಮತ ಹೋಯ್ತು?

ಜಗಳದಿಂದಲೇ ಇಷ್ಟು ಅಂತ ಯಾರೂ ತಕ್ಕಡಿಯಲ್ಲಿ ತೂಗಲಾರರು. ಜಾಫ್ನಾದ ಅಂಕಿಗಳನ್ನು ಮಾತ್ರ ನೋಡಬಹುದು. 2020ರಲ್ಲಿ ಕೂಟಕ್ಕೆ ಸುಮಾರು 1 ಲಕ್ಷ 12 ಸಾವಿರ ಮತ, 7ರಲ್ಲಿ 3 ಸ್ಥಾನ. 2024ರ ನವೆಂಬರ್ 14ರಂದು ಸುಮಾರು 63 ಸಾವಿರ, 6ರಲ್ಲಿ 1. ಗೆದ್ದವರು ಶ್ರೀಧರನ್ ಒಬ್ಬರೇ, ಸುಮಂತಿರನ್ ಸೋತರು. ಇದರಲ್ಲಿ ಒಂದು ಭಾಗ 2023ರಲ್ಲಿ ಹಳೆಯ ಜೊತೆಗಾರ ಪಕ್ಷಗಳು ಬೇರೆಯಾದದ್ದರಿಂದ ಹೋಯಿತು.

ದೊಡ್ಡ ಆಘಾತ ಬೇರೆ. ಸೆಪ್ಟೆಂಬರ್‌ನಲ್ಲಿ ದೇಶದ ಅಧ್ಯಕ್ಷರಾಗಿ ಗೆದ್ದ ಅನುರ ಕುಮಾರ ದಿಸ್ಸಾನಾಯಕೆ ಅವರಿಗೆ ಆಗ ಜಾಫ್ನಾದಲ್ಲಿ 27 ಸಾವಿರ ಮತ ಬಂದಿತ್ತು. ಎರಡೇ ತಿಂಗಳಲ್ಲಿ ಅವರ ಪಕ್ಷ 80 ಸಾವಿರ ದಾಟಿ 3 ಸ್ಥಾನ ಹೊಡೆಯಿತು. ನೂರಕ್ಕೆ 25ರಷ್ಟು ಮತಕ್ಕೆ ಅರ್ಧ ಸ್ಥಾನ! ಜಿಲ್ಲೆಯಲ್ಲಿ ಮೊದಲು ಬಂದ ಪಕ್ಷಕ್ಕೆ ಒಂದು ಬೋನಸ್ ಸ್ಥಾನ ಇದೆ. ತಮಿಳು ಮತ ಹತ್ತಾರು ಪಟ್ಟಿಗಳಲ್ಲಿ ಹಂಚಿಹೋಗಿತ್ತು. ಸಿಂಹಳ ಮೂಲದ ಪಕ್ಷವೊಂದು ಜಾಫ್ನಾದಲ್ಲಿ ಮೊದಲ ಸ್ಥಾನಕ್ಕೆ ಬರುತ್ತದೆ ಅಂತ ವರ್ಷದ ಹಿಂದೆ ಹೇಳಿದ್ದರೆ ಜನ ನಕ್ಕಿರುತ್ತಿದ್ದರು.

ಕೆನಡಾ, ಲಂಡನ್ ತಮಿಳರು ಬೆಂಕಿಗೆ ತುಪ್ಪ ಹಾಕ್ತಾರೆ ಅಂತಾರಲ್ಲ?

ಸ್ವಲ್ಪ ನಿಜ. ಹೊರದೇಶದಲ್ಲಿರುವವರಿಗೆ ಅಲ್ಲಿನ ಚುನಾವಣೆಯಲ್ಲಿ ಅಂಚೆ ಮತವೂ ಇಲ್ಲ, ಮತ್ತೊಂದೂ ಇಲ್ಲ. ಆದರೆ ಹಣ ಇದೆ, ಮಾಧ್ಯಮ ಇದೆ, ನೆನಪಿದೆ. ಊರು ಬಿಟ್ಟವರಿಗೆ ಊರು ತಾವು ಬಿಟ್ಟ ದಿನದಲ್ಲೇ ನಿಂತಿರುತ್ತದೆ. ರಾಜಿ ಮಾತಾಡುವ ನಾಯಕರಿಗೆ ಅಲ್ಲಿ ಚಪ್ಪಾಳೆ ಕಡಿಮೆ. ಹಾಗಂತ ಎಲ್ಲವನ್ನೂ ಅವರ ತಲೆಗೆ ಕಟ್ಟುವುದು ಸರಿಯಲ್ಲ. ತ್ರಿಂಕೋಮಲಿಯಲ್ಲಿ ಮತ ಹಾಕಿದ 321 ಜನ ಊರಿನವರೇ.

ಮುಸ್ಲಿಂ ಕಾಂಗ್ರೆಸ್, ತೊಂಡಮಾನ್ ಪಕ್ಷ ಇವುಗಳಲ್ಲೂ ಹೀಗೇನಾ?

ಜಗಳ ಇದೆ, ಬಗೆ ಬೇರೆ. ಶ್ರೀಲಂಕಾ ಮುಸ್ಲಿಂ ಕಾಂಗ್ರೆಸ್ ಕಟ್ಟಿದ ಎಂ.ಎಚ್.ಎಂ. ಅಶ್ರಫ್ 2000ದ ಸೆಪ್ಟೆಂಬರ್‌ನಲ್ಲಿ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡರು. ರೌಫ್ ಹಕೀಂ ಒಂದು ಕಡೆ, ಅಶ್ರಫ್ ಅವರ ಪತ್ನಿ ಫೆರಿಯಲ್ ಇನ್ನೊಂದು ಕಡೆ ಆದರು. ಆಮೇಲೆ ಅತಾವುಲ್ಲಾ, ರಿಷಾದ್ ಬದಿಯುದ್ದೀನ್ ಬೇರೆ ಬೇರೆ ಪಕ್ಷ ಮಾಡಿಕೊಂಡರು. ಆ ಪಕ್ಷಗಳು ಸರ್ಕಾರ ಸೇರುತ್ತವೆ, ಮಂತ್ರಿಯಾಗುತ್ತವೆ. ಹಾಗಾಗಿ ಅಲ್ಲಿ ಮಂತ್ರಿಗಿರಿಯೇ ಒಡೆಯುವ ಉಳಿ. ಹೊರಹೋದವರಿಗೂ ಇನ್ನೊಂದು ಬಾಗಿಲು ತೆರೆದಿರುತ್ತದೆ.

ತೊಂಡಮಾನ್ ಅವರ ಸಿಲೋನ್ ವರ್ಕರ್ಸ್ ಕಾಂಗ್ರೆಸ್ ಮೂಲದಲ್ಲಿ ಕಾರ್ಮಿಕ ಸಂಘ. ಚಹಾ ತೋಟದ ಕಾರ್ಮಿಕರ ಚಂದಾ ಹಣ, ಸಂಬಳದ ಮಾತುಕತೆ, ಇದೇ ಅದರ ಜೀವ. ನಾಯಕತ್ವ ಕುಟುಂಬದಲ್ಲೇ ಇಳಿದು ಬಂದಿದೆ. ಕುಟುಂಬದ ಪಕ್ಷದಲ್ಲಿ ಉತ್ತರಾಧಿಕಾರಿ ಯಾರು ಅನ್ನುವ ಪ್ರಶ್ನೆ ಬೇಗ ಮುಗಿಯುತ್ತದೆ. ಅದು ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ.

ಇಷ್ಟೆಲ್ಲ ಜಗಳ ಆದ್ಮೇಲೂ ಜನ ಇದೇ ಪಕ್ಷಕ್ಕೆ ಯಾಕೆ ಮತ ಹಾಕ್ತಾರೆ?

2025ರ ಮೇ 6ರ ಸ್ಥಳೀಯ ಚುನಾವಣೆಯಲ್ಲಿ ಈ ಪ್ರಶ್ನೆ ಮತ್ತೆ ಬಂತು. ಕೇಸು ಮುಗಿದಿರಲಿಲ್ಲ. ಅಧ್ಯಕ್ಷರು ಹಂಗಾಮಿ, ಕಾರ್ಯದರ್ಶಿ ಹಂಗಾಮಿ. ಆದರೂ ಉತ್ತರ ಮತ್ತು ಪೂರ್ವದ ಎಷ್ಟೋ ಸಂಸ್ಥೆಗಳಲ್ಲಿ ಮನೆ ಗುರುತೇ ಮೊದಲು ಬಂತು. ಆರು ತಿಂಗಳ ಹಿಂದೆ ದಿಸ್ಸಾನಾಯಕೆ ಪಕ್ಷಕ್ಕೆ ಹಾಕಿದವರಲ್ಲಿ ಒಂದಷ್ಟು ಜನ ವಾಪಸ್ ಬಂದಿದ್ದರು.

ಜನ ಒಳಜಗಳವನ್ನು ಕ್ಷಮಿಸಿದರು ಅಂತ ಇದರ ಅರ್ಥವಲ್ಲ. ಕೊಲಂಬೊದ ಪಕ್ಷಕ್ಕೆ ಒಂದು ಎಚ್ಚರಿಕೆ, ಈ ಪಕ್ಷಕ್ಕೆ ಒಂದು ಎಚ್ಚರಿಕೆ, ಹೀಗೆ ಸರದಿಯ ಮೇಲೆ ಕೊಡುತ್ತಿದ್ದಾರೆ ಅಂತ ನನಗೆ ಕಾಣುತ್ತದೆ. ಹೆಚ್ಚಿನ ಕಡೆ ಬಹುಮತವನ್ನಂತೂ ಕೊಡಲಿಲ್ಲ. ಹಾಗಾಗಿ ಫಲಿತಾಂಶದ ಮರುದಿನದಿಂದಲೇ ಸದಸ್ಯರ ಎಣಿಕೆ, ಫೋನು, ರಾತ್ರಿ ಸಭೆ ಶುರುವಾದವು. ಜಾಫ್ನಾದ ಅಧಿಕಾರಕ್ಕಾಗಿ ಹಂಗಾಮಿ ಅಧ್ಯಕ್ಷರು, ಪಕ್ಷ ದಶಕಗಳ ಕಾಲ ದೂರ ಇಟ್ಟಿದ್ದ ಎದುರಾಳಿ ತಮಿಳು ಪಕ್ಷದ ನಾಯಕ ಡಗ್ಲಸ್ ದೇವಾನಂದ ಅವರ ಬಾಗಿಲು ತಟ್ಟಿದರು. ಹೋಗಿದ್ದು ಸರಿಯಾ ತಪ್ಪಾ ಅಂತ ಮಾರನೇ ದಿನವೇ ಚರ್ಚೆ ಎದ್ದಿತು.